ವಿಠೋಬನ ಸಾವಿನ ತಾರೀಖು

ಸುನಿತಾ ಹೊಲದಲ್ಲಿ ಕಡಲೆ ಕೀಳುತ್ತಿದ್ದಾಗ ಜತ್ತದಿಂದ ವಕೀಲರ ಫೋನು ಬಂತು.

"ಸುನಿತಾಬಾಯಿ, ಕೊಲ್ಹಾಪುರದಿಂದ ನಿಕಾಲ ಬಂತ್ರಿ. ತೀರ್ಪು ನಿಮ್ಮ ಕಡೀಗೇ ಆಗೇತಿ," ಎಂದರು ಶಿವಪುತ್ರ ವಕೀಲರು. "ವಿಠೋಬ ತೀರಿಹೋಗ್ಯಾನ ಅಂತ ಹೈಕೋರ್ಟು ಒಪ್ಪೇತಿ. ನಾಳೆ ಬಂದು ಕಾಗದ ಒಯ್ರಿ."

"ಹೂಂ ರಿ," ಎಂದಳು ಸುನಿತಾ. ಫೋನನ್ನು ಸೆರಗಿಗೆ ಕಟ್ಟಿಕೊಂಡು ಮತ್ತೆ ಬಗ್ಗಿದಳು. ಆ ಸಾಲು ಮುಗಿಸಿ ಇನ್ನೊಂದು ಸಾಲನ್ನೂ ಮುಗಿಸಿದಳು. ಅಳು ಬರುತ್ತದೆ, ಬಂದರೆ ಬದುವಿಗೆ ಹೋಗಿ ಕೂಡಬೇಕು ಅಂದುಕೊಂಡಿದ್ದಳು. ಬರಲಿಲ್ಲ. ಗಿಡದ ಹುಳಿಗೆ ಬೆರಳುಗಳು ಉರಿಯುತ್ತಿದ್ದವು, ಅಷ್ಟೇ.

ಅವಳ ಗಂಡ ವಿಠೋಬ ಮಾಡಗ್ಯಾಳದ ಕುರುಬ. ದಸರೆ ಮುಗಿದ ಮೇಲೆ ತಮ್ಮ ಬೀರುವಿನ ಜೊತೆ ಕುರಿ ಹೊಡೆದುಕೊಂಡು ಪಡುವಣಕ್ಕೆ, ಕೃಷ್ಣಾ ದಂಡೆಯ ಕಬ್ಬಿನ ಸೀಮೆಗೆ ಹೋಗುವುದು, ಮಳೆಗಾಲಕ್ಕೆ ಮುಂಚೆ ತಿರುಗಿ ಬರುವುದು ಅವನ ವರ್ಷ. ಮಾತು ಕಡಿಮೆ, ನಡಿಗೆ ಭಾಳ ಜೋರು. ಸಂತೆಗೆ ಹೋಗುವಾಗ ಸುನಿತಾ ಯಾವಾಗಲೂ ಇಪ್ಪತ್ತು ಹೆಜ್ಜೆ ಹಿಂದೆ ಇರುತ್ತಿದ್ದಳು. ಅವನು ತಿರುಗಿ ನೋಡಿ ನಿಂತವನಲ್ಲ, ಬೈದವನೂ ಅಲ್ಲ.

೨೦೧೧ರ ಡಿಸೆಂಬರಿನಲ್ಲಿ ಕರಾಡದ ಆಚೆ ಒಂದು ಹಳ್ಳಿಯಲ್ಲಿ ಕುರಿ ತರುಬಿ ಬೀಡು ಬಿಟ್ಟಿದ್ದರು. ಬೆಳಿಗ್ಗೆ ಕಡ್ಡಿಪೆಟ್ಟಿಗೆ, ತಂಬಾಕು ತರುತ್ತೇನೆಂದು ವಿಠೋಬ ಊರೊಳಗೆ ಹೋದ. ಬರಲಿಲ್ಲ. ಬೀರು ನಾಲ್ಕು ದಿನ ಕಾದ, ಬಾವಿಗಳನ್ನು ಇಣುಕಿ ನೋಡಿದ, ಠಾಣೆಯಲ್ಲಿ ದೂರು ಬರೆಸಿದ. ಆಮೇಲೆ ಕುರಿಗಳಿಗೆ ಮೇವು ಬೇಕಲ್ಲ, ಮುಂದೆ ಹೋದ. ಮಗಳು ದೀಪಾಲಿಗೆ ಆಗ ಮೂರು ವರ್ಷ.

ಸುನಿತಾ ದವಾಖಾನೆಗಳನ್ನು ಸುತ್ತಿದಳು. ಮಿರಜದ ಸ್ಟೇಷನ್ನಿನಲ್ಲಿ ಅವನ ಫೋಟೋ ತೋರಿಸಿ ಮೂರು ದಿನ ಅಡ್ಡಾಡಿದಳು. ಸೊರಡಿ ಊರಿನ ಒಬ್ಬಾತ, ಪಂಢರಪುರದಲ್ಲಿ ವಿಠೋಬನನ್ನು ಯಾರೋ ಕಂಡರಂತೆ, ಗಡ್ಡ ಬಿಟ್ಟಾನಂತೆ ಎಂದ. ಅಲ್ಲಿಗೂ ಹೋಗಿ ಬಂದಳು. ನಾಲ್ಕನೆಯ ವರ್ಷಕ್ಕೆ ಹುಡುಕುವುದು ತಾನಾಗಿ ನಿಂತಿತು.

ಕೋರ್ಟಿಗೆ ಹೋಗುವ ವಿಚಾರ ಅವಳದಲ್ಲ, ನೀರಿನದು. ಕಾಲುವೆ ನೀರು ಊರಿನ ಹತ್ತಿರ ಬಂದಾಗ ಎಲ್ಲರೂ ಪೈಪ್‌ಲೈನಿಗೆ ಅರ್ಜಿ ಹಾಕಿದರು. ಇವಳ ಅರ್ಜಿ ತಿರುಗಿ ಬಂತು. ಹೊಲ ವಿಠೋಬನ ಹೆಸರಿನಲ್ಲಿತ್ತು, ಅವನ ಸಹಿ ಬೇಕಿತ್ತು.

"ಸತ್ತಾನಂದ್ರ ದಾಖಲಾ ತರ್ರಿ," ಎಂದ ಹೊಲದ ದಾಖಲೆ ನೋಡುವ ತಲಾಠಿ. "ಅದಾನಂದ್ರ ಕರ್ಕೊಂಡ ಬರ್ರಿ."

ಎರಡೂ ಅವಳ ಕೈಯಲ್ಲಿರಲಿಲ್ಲ. ಏಳು ವರ್ಷ ಸುದ್ದಿ ಇಲ್ಲದವನನ್ನು ಸತ್ತವನೆಂದು ತಿಳಿಯಬಹುದು, ಕಾಯ್ದೆ ಐತಿ ಎಂದು ಶಿವಪುತ್ರ ವಕೀಲರು ಹೇಳಿದ ಮೇಲೆ, ೨೦೧೯ರ ಮಾರ್ಚ್ ಹನ್ನೊಂದಕ್ಕೆ ಜತ್ತದ ಕೋರ್ಟಿನಲ್ಲಿ ದಾವೆ ಹಾಕಿದಳು.

ಅಲ್ಲಿ ವಿಠೋಬನ ತಾಯಿ ಅಕ್ಕವ್ವನನ್ನೂ ಸಾಕ್ಷಿಗೆ ಕರೆದರು. ಅಕ್ಕವ್ವನಿಗೆ ಮರಾಠಿ ಸಂತೆಯ ಮಟ್ಟಿಗೆ ಬರುತ್ತಿತ್ತು, ಕೋರ್ಟಿನ ಮಟ್ಟಿಗಲ್ಲ. ಜಡ್ಜ್ ಸಾಹೇಬರು ಮರಾಠಿಯಲ್ಲಿ ಕೇಳಿದ್ದನ್ನು ಗುಮಾಸ್ತ ಕನ್ನಡದಲ್ಲಿ ಕೇಳಿದ: "ನಿಮ್ಮ ಮಗ ಸತ್ತಾನ ಅಂತ ನಿಮಗ ಅನಸ್ತೈತೇನ್ರಿ, ಆಯಿ?"

"ಇಲ್ರಿ ಸಾಹೇಬ್ರ," ಎಂದಳು ಅಕ್ಕವ್ವ. "ಬರ್ತಾನ್ರಿ. ತಡಾ ಆಗೇತಿ, ಅಷ್ಟ."

ಗುಮಾಸ್ತ ಅದನ್ನು ಮರಾಠಿಗೆ ತಿರುಗಿಸಿದ. ಟೈಪಾಯಿತು. ವಕೀಲರು ಕಣ್ಣು ಮುಚ್ಚಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತಿದ್ದರು.

"ಸರಿ ಹೇಳಿದ್ನಿಲ್ಲೋ?" ಎಂದು ಕೇಳಿದಳು ಅಕ್ಕವ್ವ.

"ಸರಿ ಹೇಳಿದ್ರಿ ಅತ್ತಿ," ಎಂದಳು ಸುನಿತಾ.

ದಾವೆ ಬಿದ್ದುಹೋಯಿತು. ಹೆತ್ತ ತಾಯಿಯೇ ಬದುಕಿದ್ದಾನೆ ಅನ್ನುತ್ತಾಳೆ, ಸೊರಡಿಯವನು ಪಂಢರಪುರದ ಮಾತು ಹೇಳುತ್ತಾನೆ, ಹಾಗಿರುವಾಗ ಸತ್ತನೆಂದು ಹೇಗೆ ಹೇಳುವುದು ಎಂದಿತು ಕೋರ್ಟು. ಸಾಂಗಲಿಯ ಜಿಲ್ಲಾ ಕೋರ್ಟಿನಲ್ಲೂ ಹಾಗೇ ಆಯಿತು. ಮುಂಬೈಯ ಹೈಕೋರ್ಟಿಗೆ ಹಾಕಿದ ಅಪೀಲು ಅಲ್ಲಿಯೇ ಕೂತಿತ್ತು. ಕೊಲ್ಹಾಪುರದಲ್ಲಿ ಹೈಕೋರ್ಟಿನ ಪೀಠ ಶುರುವಾದ ಮೇಲೆ ಫೈಲು ಇತ್ತ ಬಂತು. ಆರು ತಿಂಗಳಲ್ಲಿ ಮುಗಿಯಿತು. ಸುನಿತಾ ಒಮ್ಮೆಯೂ ಅಲ್ಲಿಗೆ ಹೋಗಲಿಲ್ಲ, ಹೋಗುವ ಕೆಲಸವಿರಲಿಲ್ಲ.

ಮರುದಿನ ಜತ್ತದಿಂದ ತಂದ ಕಾಗದ ಹತ್ತೊಂಬತ್ತು ಪುಟ, ಇಂಗ್ಲಿಷಿನಲ್ಲಿತ್ತು. ಹನ್ನೆರಡನೆಯ ಇಯತ್ತೆ ಓದುತ್ತಿದ್ದ ದೀಪಾಲಿ ಪಡಸಾಲೆಯಲ್ಲಿ ಕೂತು, ತಿಳಿಯದ ಶಬ್ದಗಳನ್ನು ಫೋನಿನಲ್ಲಿ ನೋಡುತ್ತ, ಅವ್ವನಿಗೆ ಕನ್ನಡದಲ್ಲಿ ಹೇಳಿದಳು. ಅಕ್ಕವ್ವ ಒಳಗೆ ಜೋಳ ಹಸನು ಮಾಡುತ್ತಿದ್ದಳು. ಮೊರದ ಸಪ್ಪಳ ನಿಂತಿತು.

"ನನ್ನ ಸುದ್ದಿ ಐತೇನ ಅದರಾಗ?"

ದೀಪಾಲಿ ಅವ್ವನ ಮುಖ ನೋಡಿದಳು. "ಓದು," ಎಂದಳು ಸುನಿತಾ.

"ಹದಿನಾಲ್ಕನೇ ಪ್ಯಾರಾದಾಗ ಐತಿ, ಆಯಿ. ತಾಯಿ ನಂಬಿಕಿಗೆ ಕೋರ್ಟು ಗೌರವ ಕೊಡತೈತಿ. ಖರೆ ನಂಬಿಕಿ ಅಂದ್ರ ಸುದ್ದಿ ಅಲ್ಲ. ಮಗ ಬದುಕಿದ್ರ ತಾಯಿಗೇ ಮೊದಲ ಸುದ್ದಿ ಬರಬೇಕಿತ್ತು. ಅಕೀಗೂ ಬಂದಿಲ್ಲ. ಹಿಂಗ ಬರದಾರ."

ಅಕ್ಕವ್ವ ಮೊರ ಕೆಳಗಿಟ್ಟಳು. "ನಾ ಅಂದಿದ್ದು? ತಡಾ ಆಗೇತಿ ಅಂದಿದ್ನೆಲ್ಲ?"

"ಅದೂ ಬರದಾರ. ನೀ ಅಂದಂಗ."

"ಬರದಾರಲ್ಲ," ಎಂದಳು ಅಕ್ಕವ್ವ. ಮತ್ತೆ ಮೊರ ಕೈಗೆತ್ತಿಕೊಂಡಳು.

ಸುದ್ದಿ ಕೇಳಿ ಓಣಿಯ ಹೆಂಗಸರು ನಾಲ್ಕೈದು ಮಂದಿ ಬಂದರು. ಹದಿನಾಲ್ಕು ವರ್ಷದ ಹಿಂದಿನ ಸಾವಿಗೆ ಹೇಗೆ ಅಳಬೇಕೆಂದು ಅವರಿಗೂ ತಿಳಿಯಲಿಲ್ಲ. ಒಬ್ಬಾಕೆ ಸುನಿತಾಳ ಕೈ ನೋಡಿ ಬಳೆಯ ಮಾತೆತ್ತಿದಳು. ಇನ್ನು ಮೇಲೆ ಹೇಗೆ, ಯಾವ ದಿನ ಮಾಡೂಣು ಎಂದಳು. ಸುನಿತಾ ಕೈಯನ್ನು ಆಕೆಯ ಮುಂದೆ ಹಾಗೇ ಚಾಚಿದಳು. ಬೇಕಾದರೆ ಒಡೀರಿ ಎನ್ನುವ ಹಾಗೆ. ತೆಗೆದರೂ ಇಟ್ಟರೂ ಅವಳಿಗೆ ಒಂದೇ ಆಗಿತ್ತು. ಬಂದಾಕೆ ಆ ಕೈ ಹಿಡಿದಳು.

"ಕೈ ಬಿಡ," ಎಂದಳು ಒಳಗಿನಿಂದ ಬಂದ ಅಕ್ಕವ್ವ. "ಕೋರ್ಟು ಬಳಿ ಕೇಳಿಲ್ಲ. ಚಹಾ ಕುಡದು ಹೋಗ್ರಿ."

ಮರಣದ ನೋಂದಣಿಗೆ ಸುನಿತಾ ಗ್ರಾಮಪಂಚಾಯಿತಿಗೆ ಹೋದಳು. ಗ್ರಾಮಸೇವಕ ವಯಸ್ಸಿನಲ್ಲಿ ಚಿಕ್ಕವನು. "ಕುಂದ್ರಿ ಅಕ್ಕಾ," ಎಂದು ಕುರ್ಚಿ ಕೊಟ್ಟ. ಮರಣದ ಸ್ಥಳ ಎಂಬಲ್ಲಿ ಕೋರ್ಟಿನ ಆದೇಶದ ನಂಬರು ಬರೆದ. ಕಾರಣ ಎಂಬಲ್ಲಿ ಗೆರೆ ಎಳೆದ. ತಾರೀಖಿಗೆ ಬಂದಾಗ ಆದೇಶವನ್ನು ಎರಡು ಸಲ ಓದಿದ.

"ಹನ್ನೊಂದು ಮೂರು ಎರಡು ಸಾವಿರದ ಹತ್ತೊಂಬತ್ತು, ಹೌದಲ್ರಿ?"

"ಅದು ನಾ ದಾವೆ ಹಾಕಿದ ದಿನ ಅಲ್ರಿ?"

"ಕಾಯ್ದೆ ಹಂಗೇ ಐತ್ರಿ ಅಕ್ಕಾ. ಯಾವಾಗ ಸತ್ತ ಅಂತ ಯಾರಿಗೂ ಗೊತ್ತಿಲ್ಲಲ್ಲ. ನೀವು ಕೋರ್ಟಿಗೆ ಬಂದು ಕೇಳಿದ ದಿನಾನೇ ಹಿಡೀತಾರ."

ಆ ದಿನ ಏನು ಮಾಡಿದ್ದೆ ಎಂದು ಸುನಿತಾ ನೆನಪು ಮಾಡಿಕೊಂಡಳು. ಹನ್ನೊಂದರ ಬಸ್ಸಿಗೆ ಜತ್ತಕ್ಕೆ ಹೋಗಿದ್ದಳು. ಹತ್ತು ಕಡೆ ಸಹಿ ಮಾಡಿದ್ದಳು. ಬರುವಾಗ ದೀಪಾಲಿಯ ಶಾಲೆಗೆ ಒಂದು ಕಂಪಾಸ್ ಪೆಟ್ಟಿಗೆ ತಂದಿದ್ದಳು. ಆವತ್ತು ವಿಠೋಬ ಸತ್ತ. "ಬರೀರಿ," ಎಂದಳು.

ಹೊಲಕ್ಕೆ ವಾರಸುದಾರರು ಮೂವರು: ಹೆಂಡತಿ, ಮಗಳು, ತಾಯಿ. ತಲಾಠಿ ಅರ್ಜಿಯ ಮೇಲೆ ಅಕ್ಕವ್ವನ ಹೆಬ್ಬೆಟ್ಟು ಕೇಳಿದ. "ಸತ್ತಾನ ಅಂತ ಬರದಿದ್ದಕ್ಕ ನಾ ಒತ್ತಂಗಿಲ್ಲ," ಎಂದಳು ಅವಳು. ಆದೇಶವಿದ್ದುದರಿಂದ ಹೆಬ್ಬೆಟ್ಟಿಲ್ಲದೆಯೂ ನಡೆಯುತ್ತಿತ್ತು. ತಕರಾರಿದ್ದರೆ ಹದಿನೈದು ದಿನದೊಳಗೆ ಹೇಳಿರಿ ಎಂದು ಚಾವಡಿಯ ಗೋಡೆಗೆ ನೋಟೀಸು ಅಂಟಿಸಿದರು.

ಹನ್ನೆರಡನೆಯ ದಿನ ಒಲೆಯ ಮುಂದೆ ಕೂತಿದ್ದಾಗ ಅಕ್ಕವ್ವ ಕೇಳಿದಳು: "ನಾ ತಕರಾರ ಕೊಟ್ರ ಏನಾಕ್ಕೈತಿ?"

"ಎಲ್ಲಾ ನಿಲ್ಲತೈತಿ, ಅತ್ತಿ."

"ನೀರು?"

"ಅದೂ."

ಕೊಡಬ್ಯಾಡ್ರಿ ಎಂದು ಸುನಿತಾ ಹೇಳಲಿಲ್ಲ. ಹೇಳುವಷ್ಟು ಆಸೆ ಅವಳಲ್ಲಿ ಉಳಿದಿರಲಿಲ್ಲ. ರೊಟ್ಟಿ ಮಗುಚಿ ಹಾಕಿದಳು. ಅಕ್ಕವ್ವ ಚಾವಡಿಗೆ ಹೋಗಲಿಲ್ಲ. ಹದಿನಾರನೆಯ ದಿನ ಮೂವರ ಹೆಸರೂ ದಾಖಲಾದವು. ಏಪ್ರಿಲಿನಲ್ಲಿ ಪೈಪು ಬಂತು. ಬೀರು ಬಂದು ಪೈಪು ಹೂಳಲು ಚರ ತೋಡಿಕೊಟ್ಟ. ನೀರು ಹೊಲದ ಮೂಲೆಗೆ ಹರಿದಾಗ ಸುನಿತಾ ಕೆಸರಿನಲ್ಲಿ ನಿಂತು ನೋಡಿದಳು. ಅಕ್ಕಪಕ್ಕದವರು ಕಾಯಿ ಒಡಿ ಎಂದರು. ಒಡೆದಳು.

ಜೂನಿನಲ್ಲಿ ದೀಪಾಲಿ ಕಾಲೇಜಿನ ಫಾರ್ಮು ತುಂಬುತ್ತಿದ್ದಳು. ಅಪ್ಪನ ಹೆಸರು ಬರೆಯುವಲ್ಲಿ ಪೆನ್ನು ನಿಲ್ಲಿಸಿ, "ಅವ್ವ, ಹೆಸರಿನ ಮುಂದ ಕೈಲಾಸವಾಸಿ ಅಂತ ಹಾಕಬೇಕೇನ?" ಎಂದು ಮೆಲ್ಲಗೆ ಕೇಳಿದಳು. ಅಕ್ಕವ್ವ ಅಂಗಳದಲ್ಲಿದ್ದಳು.

ಸುನಿತಾ ಅಂಗಳದ ಕಡೆ ನೋಡಿದಳು.

"ಕಾಗದದಾಗ ಹಾಕು," ಎಂದಳು. "ಮನ್ಯಾಗ ಅನ್ನಬ್ಯಾಡ."