ಹದಿನೇಳು ಹದಿನಾರಲ್ಲ

ದೋಹಾದ ತುಳು ಸಂಘವೊಂದು ತನ್ನ ವಾರ್ಷಿಕೋತ್ಸವದಲ್ಲಿ ಶರ್ಮಿಳಾ ಪೂಜಾರಿಗೆ ಶಾಲು ಹೊದಿಸಿತ್ತು. ಹಿಂದಿನ ದಿನವೇ ನಿರೂಪಕ ಫೋನು ಮಾಡಿ, ಎದುರಿಗೆ ಮಕ್ಕಳು ಕೂತಿರುತ್ತಾರೆ, ವೈನ್ ಗೀನ್ ಅಂತ ಬೇಡ, ಹಾಸ್ಪಿಟಾಲಿಟಿ ಕ್ಷೇತ್ರ ಅಂತ ಹೇಳುತ್ತೇನೆ ಎಂದು ವಿನಂತಿಸಿಕೊಂಡಿದ್ದ. ಶರ್ಮಿಳಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮರುದಿನ ಮೈಕು ಕೈಗೆ ಬಂದಾಗ ಅವಳು ಹೇಳಿದ್ದು ಮೂರೇ ಮಾತು.

"ನಾನು ಹೋಟೆಲಿನಲ್ಲಿ ವೈನ್ ಆರಿಸಿ ಬಡಿಸುವ ಕೆಲಸ ಮಾಡ್ತೇನೆ. ನನ್ನ ಅಪ್ಪ ದೂಮಪ್ಪ ಕಟಪಾಡಿಯಲ್ಲಿ ಕಳ್ಳು ಇಳಿಸ್ತಿದ್ರು. ಇದರಲ್ಲಿ ಮುಚ್ಚಿಡುವಂಥದ್ದು ಎಂತದೂ ಇಲ್ಲ."

ಗಂಡ ವಿಕಾಸ್ ತಲೆ ತಗ್ಗಿಸಿ ತನ್ನ ಬೂಟು ನೋಡಿಕೊಂಡ. ಹನ್ನೊಂದು ವರ್ಷದ ಮಗಳು ನಿಶ್ಮಿತಾ ಮಾತ್ರ ಜೋರಾಗಿ ಚಪ್ಪಾಳೆ ತಟ್ಟಿದಳು. ಬಿನ್ ಒಮ್ರಾನ್ ಬಡಾವಣೆಯ ಮನೆಗೆ ಕಾರು ತಿರುಗಿದ ಮೇಲೆ ವಿಕಾಸನಿಗೂ ನಗು ತಡೆಯಲಾಗಲಿಲ್ಲ.

ಶರ್ಮಿಳಾ ಕತಾರಿಗೆ ಬಂದದ್ದು ೨೦೧೧ರಲ್ಲಿ. ದೋಹಾದ ನಜ್ಮಾ ಬಡಾವಣೆಯ ಒಂದು ಕೋಣೆಯಲ್ಲಿ ಐವರು ಹುಡುಗಿಯರ ಜೊತೆ ವಾಸ. ಬಸ್ಸು ಹಿಡಿದು ವೆಸ್ಟ್ ಬೇಯ ದೊಡ್ಡ ಹೋಟೆಲೊಂದಕ್ಕೆ ಹೋಗಿ, ಅಲ್ಲಿನ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಗ್ಲಾಸು ಒರೆಸುವುದು ಕೆಲಸ. ಅಡುಗೆಮನೆಯ ಯಜಮಾನ ಸೆತ್ತಿಮಿಯೊ ಇಟಲಿಯ ಮಾರ್ಕೆ ಎಂಬ ಪ್ರಾಂತ್ಯದವನು. ಏಡ್ರಿಯಾಟಿಕ್ ಕಡಲಿಗೆ ಮುಖ ಮಾಡಿ ಕೂತಿರುವ ಆ ಸೀಮೆಯ ಹೆಸರು ಕೇಳಿದವರೇ ಕಡಿಮೆ. ಟಸ್ಕನಿ ಬಿಟ್ಟರೆ ಇಟಲಿಯಲ್ಲಿ ವೈನೇ ಇಲ್ಲ ಎಂದುಕೊಂಡ ಗಿರಾಕಿಗಳ ನಡುವೆ ಅವನು ಹಟ ಹಿಡಿದು, ವೈನ್ ಪಟ್ಟಿಯಲ್ಲಿ ತನ್ನ ಊರಿಗಾಗಿ ಒಂದು ಇಡೀ ಪುಟವನ್ನೇ ಇರಿಸಿಕೊಂಡಿದ್ದ.

ಒಂದು ದಿನ ಮೂರು ಗಂಟೆಯ ಹೊತ್ತಿಗೆ, ಊಟದ ಗದ್ದಲ ಮುಗಿದಿದ್ದಾಗ, ಅವನು ಶರ್ಮಿಳಾಳ ಎದುರು ಎರಡು ಗ್ಲಾಸು ಇಟ್ಟ. ಎರಡರಲ್ಲೂ ಅದೇ ವೆರ್ಡಿಕ್ಕಿಯೊ ಎಂಬ ಬಿಳಿ ದ್ರಾಕ್ಷಿಯ ವೈನು. ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗಿಯಬೇಕು ಎಂದು ತೋರಿಸಿಕೊಟ್ಟ. ಒಂದು ಗ್ಲಾಸಿನದು ಬಾಯಿ ತುಂಬಿಕೊಂಡಿತು, ಮಾಗಿದ ಸೇಬಿನ ವಾಸನೆ, ಕೊನೆಗೊಂದು ಚೂರು ಬಾದಾಮಿಯ ಕಹಿ. ಇನ್ನೊಂದು ಬಿಗಿ, ಹುಳಿ, ಹೊಳೆಕಲ್ಲು ನೆಕ್ಕಿದ ಹಾಗೆ. ಅವಳು ಮೊದಲನೆಯದನ್ನು ತೋರಿಸಿ, ಇದು ಕಡಲು ಕಂಡದ್ದು, ಅದು ಕಂಡಿಲ್ಲ ಎಂದಳು.

ಸೆತ್ತಿಮಿಯೊ ಕೈಯಲ್ಲಿದ್ದ ಚೂರಿ ಕೆಳಗಿಟ್ಟ. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದ. ಬೆಳಗಾಗುವಾಗ ಅಪ್ಪ ಮಡಕೆಗಳನ್ನು ಜಗಲಿಯಲ್ಲಿ ಸಾಲಾಗಿ ಇಡುತ್ತಿದ್ದುದನ್ನು ಅವಳು ಹೇಳಿದಳು. ಉಪ್ಪುಗಾಳಿಗೆ ನಿಂತ ಮರದ ಕಳ್ಳೇ ಬೇರೆ, ಹೊಳೆಯಾಚೆಯ ಮರದ್ದೇ ಬೇರೆ, ಕಣ್ಣು ಮುಚ್ಚಿ ಮೂಸಿ ಯಾವ ಮರದ್ದೆಂದು ಹೇಳುವುದು ಅವಳ ಚಿಕ್ಕಂದಿನ ಆಟ. ಸೆತ್ತಿಮಿಯೊ ನಗಲಿಲ್ಲ. ಬಿಲ್ಲಿನ ಹಿಂಬದಿಯಲ್ಲಿ ಕಡಲು ಬರೆದ, ಕಡಲಿಗೆ ಇಳಿಯುವ ಯೇಸಿಯ ಗುಡ್ಡಗಳನ್ನು ಬರೆದ, ಅವುಗಳ ಬೆನ್ನಿಗೆ ಕಡಲಗಾಳಿ ತಾಕದ ಮಾತೆಲಿಕಾ ಕಣಿವೆಯನ್ನು ಬರೆದ. ಬಿಗಿ ವೈನು ಆ ಕಣಿವೆಯದ್ದು.

ಅಂದಿನಿಂದ ಅವಳ ಓದು ಶುರುವಾಯಿತು. ರಂಜಾನಿನಲ್ಲಿ ಇಡೀ ತಿಂಗಳು ಬಾರಿಗೆ ಬೀಗ. ಆ ತಿಂಗಳು ಅವಳು ಉಗ್ರಾಣದಲ್ಲಿ ಕೂತು ಬಾಟಲಿಗಳ ಧೂಳು ಒರೆಸುತ್ತ ಲೇಬಲ್ಲಿನ ಮೇಲಿದ್ದ ಒಂದೊಂದು ಸುಗ್ಗಿಯ ವರ್ಷದ ಮಳೆ ಬಿಸಿಲನ್ನು ಬಾಯಿಪಾಠ ಮಾಡಿದಳು. ೨೦೧೪ ಮಳೆಯ ವರ್ಷ. ೨೦೧೬ರಲ್ಲಿ ಎಲ್ಲ ಹದವಾಗಿ ಬಂತು, ಆದರೆ ಸುಗ್ಗಿ ಮುಗಿಯುವ ಹೊತ್ತಿಗೆ ಭೂಕಂಪವಾಯಿತು, ಮಾತೆಲಿಕಾದಲ್ಲಿದ್ದ ಸೆತ್ತಿಮಿಯೊನ ತಂಗಿಯ ಮನೆಗೋಡೆ ಬಿರಿಯಿತು. ೨೦೧೭ ಬರಗಾಲದ ಬೇಗೆ. ಊರಿನಿಂದ ಅಮ್ಮ ಪೂವಕ್ಕ ಫೋನಿನಲ್ಲಿ, ಉಗಿಯುವುದಕ್ಕೂ ಸಂಬಳ ಕೊಡುತ್ತಾರಾ ಎಂದು ಕೇಳುತ್ತಿದ್ದಳು. ಪರೀಕ್ಷೆ ಬರೆದು ಶರ್ಮಿಳಾ ಸೊಮೆಲಿಯೆ ಆದಳು. ವೈನಿನ ಉಸ್ತುವಾರಿಯವರಿಗೆ ಅಲ್ಲಿ ಹಾಗೆನ್ನುತ್ತಾರೆ. ಸೆತ್ತಿಮಿಯೊ ನಿವೃತ್ತನಾಗಿ ಊರಿಗೆ ಹೋಗುವಾಗ ಉಗ್ರಾಣದ ಕೀಲಿ ಅವಳ ಕೈಗೆ ಕೊಟ್ಟ.

ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ಮುಗಿದ ಮರುವರ್ಷ ರೋಶನ್ ಮ್ಯಾನೇಜರಾಗಿ ಬಂದ. ಮಂಗಳೂರಿನವನು, ಚುರುಕು, ದುಬೈಯಲ್ಲಿ ಪಳಗಿದವನು. ಮಾರ್ಕೆಯ ಪುಟ ಅವನಿಗೆ ಬರೀ ಜಾಗ ದಂಡ. ಇದ್ದ ಬಾಟಲಿಗಳನ್ನು ರಜೆಯ ದಿನವಾದ ಶುಕ್ರವಾರದ ಬ್ರಂಚ್ ಊಟಕ್ಕೆ ತೆರೆಸಿ ಖಾಲಿ ಮಾಡಿಸತೊಡಗಿದ.

ಫೆಬ್ರವರಿಯಲ್ಲಿ ಮಾರ್ಕೆಯ ಆಂಕೋನಾ ಬಂದರಿನ ಹಡಗು ಕಂಪನಿಯೊಂದರ ಇಪ್ಪತ್ತನಾಲ್ಕು ಜನರಿಗೆ ಮಧ್ಯಾಹ್ನದೂಟ ಗೊತ್ತಾಗಿತ್ತು. ಮೀನಿನ ಜೊತೆ ಮಾತೆಲಿಕಾದ ೨೦೧೬ ಬೇಕು ಎಂದು ಅವರು ವರ್ಷ ಸಮೇತ ಬರೆದು ಕೇಳಿದ್ದರು. ಮೆನುವಿನಲ್ಲಿ ಹಾಗೆಯೇ ಅಚ್ಚಾಗಿತ್ತು. ಬೆಳಿಗ್ಗೆ ಶರ್ಮಿಳಾ ಉಗ್ರಾಣಕ್ಕೆ ಹೋಗಿ ನೋಡಿದರೆ ಬೇಕಾದ ಹನ್ನೆರಡರಲ್ಲಿ ಉಳಿದಿದ್ದದ್ದು ಏಳು. ಮಿಕ್ಕವು ಬ್ರಂಚಿಗೆ ಹೋಗಿದ್ದವು. ಪಕ್ಕದಲ್ಲಿ ೨೦೧೭ ಬೇಕಾದಷ್ಟಿತ್ತು.

ಅತಿಥಿಗಳಿಗೆ ಮೊದಲೇ ತಿಳಿಸೋಣ ಎಂದು ಅವಳು ಹೇಳಿದಳು. ರೋಶನ್ ಒಪ್ಪಲಿಲ್ಲ.

"ಲೇಬಲ್ಲಿಗೆ ನ್ಯಾಪ್ಕಿನ್ ಸುತ್ತಿ ಸುರಿಯಿರಿ ಮಾರ್ರೆ. ಎರಡು ಗ್ಲಾಸ್ ಆದ ಮೇಲೆ ಯಾರಿಗೆ ಗೊತ್ತಾಗ್ತದೆ? ಖಲಾಸ್."

"ನನಗೆ ಗೊತ್ತಾಗ್ತದೆ. ಹದಿನೇಳು ಹದಿನಾರಲ್ಲ, ರೋಶನ್."

ಅವನು ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. "ಕಳ್ಳಿನ ಮನೆಯವರಿಗೆ ಇಷ್ಟೊಂದು ನಾಜೂಕು ಎಲ್ಲಿಂದ ಬಂತು?"

ಶರ್ಮಿಳಾಳ ಕಿವಿ ಬಿಸಿಯಾಯಿತು. ಆದರೂ ಅವಳು ದನಿ ಏರಿಸಲಿಲ್ಲ.

"ಅಲ್ಲಿಂದಲೇ ಬಂತು. ಇವತ್ತಿನ ಕಳ್ಳಿಗೆ ನಿನ್ನೆಯದ್ದು ಬೆರೆಸಿ ನನ್ನ ಅಪ್ಪ ಯಾರಿಗೂ ಕೊಟ್ಟವರಲ್ಲ."

ಏಳು ಬಾಟಲಿ ಮುಗಿಯುವವರೆಗೆ ಊಟ ಸಲೀಸಾಗಿ ನಡೆಯಿತು. ಎಂಟನೆಯದನ್ನು ಅವಳು ಬಟ್ಟೆ ಸುತ್ತದೆ ಹಿಡಿದು ಮೇಜಿನ ತುದಿಗೆ ಹೋದಳು. ಅಲ್ಲಿ ಕೂತಿದ್ದವರು ಕಂಪನಿಯ ಒಡತಿ, ಎಪ್ಪತ್ತರ ಹತ್ತಿರದ ಹೆಂಗಸು. ಹದಿನಾರು ಮುಗಿದಿದೆ, ಇದು ಹದಿನೇಳು, ಬೇಡವಾದರೆ ಬೇರೆ ತರುತ್ತೇನೆ ಎಂದು ಶರ್ಮಿಳಾ ಎಲ್ಲರಿಗೂ ಕೇಳುವಂತೆ ಹೇಳಿದಳು. ಬಾಟಲಿಯನ್ನು ಎದೆಗೆ ಒತ್ತಿ ಹಿಡಿದಳು. ಕಂಬದ ಪಕ್ಕ ನಿಂತ ರೋಶನನ ಮುಖದ ಕಡೆ ನೋಡಲಿಲ್ಲ.

ಒಬ್ಬ ಗ್ಲಾಸನ್ನು ದೂರ ತಳ್ಳಿ, ಇಷ್ಟು ದೊಡ್ಡ ಹೋಟೆಲಿನಲ್ಲಿ ಹೀಗಾ ಎಂದು ಗೊಣಗಿದ. ಒಡತಿ ಮಾತ್ರ, ಹದಿನೇಳಕ್ಕೂ ಹದಿನಾರಕ್ಕೂ ಏನು ವ್ಯತ್ಯಾಸ, ನೀವೇ ಹೇಳಿ ಎಂದು ಕೇಳಿದರು. ಪರೀಕ್ಷೆ ಮಾಡುವ ದನಿಯೇ ಅದು. ಆ ವರ್ಷ ಮಳೆ ಕೈಕೊಟ್ಟಿತು, ಬಿಸಿಲಿಗೆ ಹಣ್ಣು ಬೇಗ ಮಾಗಿತು, ಹುಳಿ ಇಳಿಯಿತು, ಹಾಗಾಗಿ ಇದು ಮೆತ್ತಗೆ, ತುಸು ಭಾರ, ನಿಮ್ಮ ಕಣಿವೆಯ ಚುರುಕು ಇದರಲ್ಲಿ ಕಡಿಮೆ ಎಂದಳು ಶರ್ಮಿಳಾ. ಒಡತಿ ಒಂದು ಗುಟುಕು ಕುಡಿದರು. ಆ ಬೇಸಿಗೆ ನನ್ನ ಅಣ್ಣನ ಬಾವಿ ಬತ್ತಿತ್ತು ಎಂದರು. ಮತ್ತೆ ಗ್ಲಾಸು ಮುಂದೆ ಚಾಚಿದರು. ಅರ್ಧ ಮೇಜಿನವರು ಅವರಂತೆಯೇ ಗ್ಲಾಸು ಚಾಚಿದರು, ಉಳಿದವರು ನೀರು ತರಿಸಿಕೊಂಡರು. ಸಂಜೆಯೊಳಗೆ ದೂರೂ ಬಂತು.

ಮರುದಿನ ಎಚ್‌ಆರ್ ಕೋಣೆಯಲ್ಲಿ ಬರ್ನಡೆಟ್ ಎಂಬ ಅಧಿಕಾರಿ ಎಚ್ಚರಿಕೆ ಪತ್ರ ಮುಂದಿಟ್ಟು ಸಹಿ ಕೇಳಿದಳು. ಮೇಲಧಿಕಾರಿಯ ಆದೇಶ ಮೀರಿದ್ದಾರೆ ಎಂದು ಅದರಲ್ಲಿತ್ತು. ಆದೇಶ ಏನಾಗಿತ್ತು ಎಂಬುದನ್ನೂ ಬರೆಯಿರಿ, ಹದಿನೇಳನ್ನು ಹದಿನಾರೆಂದು ಸುರಿಯಬೇಕಿತ್ತು ಅಂತ, ಆಮೇಲೆ ಸಹಿ ಹಾಕುತ್ತೇನೆ ಎಂದಳು ಶರ್ಮಿಳಾ.

"ಹಾಗೆ ಬರೆದ್ರೆ ಫೈಲು ಮೇಲೆ ಹೋಗ್ತದೆ ಶರ್ಮಿಳಾ."

"ಹೋಗಲಿ."

ಬರ್ನಡೆಟ್ ಪೆನ್ನಿನ ಮುಚ್ಚಳ ಹಾಕಿದಳು. ಪತ್ರ ಮೇಲೂ ಹೋಗಲಿಲ್ಲ, ಹರಿದೂ ಹೋಗಲಿಲ್ಲ. ರೋಶನನಿಗೆ ಯಾರೂ ಏನೂ ಕೇಳಲಿಲ್ಲ. ಮುಂದಿನ ತಿಂಗಳ ಪಟ್ಟಿಯಲ್ಲಿ ಮಾರ್ಕೆಯ ಪುಟ ಇರಲಿಲ್ಲ. ಅದನ್ನು ನೋಡಿದ ದಿನವೇ ಶರ್ಮಿಳಾ ರಾಜೀನಾಮೆ ಕೊಟ್ಟಳು. ಮಗಳ ಶಾಲೆಯ ನಡುವೆ ಇದೆಂಥ ಹುಚ್ಚು ಎಂದು ವಿಕಾಸ್ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಅವನೇ ಕೂತು ಅವಳ ಬಯೋಡಾಟಾ ಟೈಪು ಮಾಡಿದ.

ದೋಹಾದ ಪಕ್ಕದ ಲುಸೈಲ್ ನಗರದ ಹೋಟೆಲೊಂದರ ಸಂದರ್ಶನದಲ್ಲಿ ಹಿಂದಿನ ಕೆಲಸ ಏಕೆ ಬಿಟ್ಟಿರಿ ಎಂದು ಕೇಳಿದರು. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಹೇಳಿದ್ದಕ್ಕೆ ಕೆಲಸ ಸಿಕ್ಕಿತೋ, ಹೇಳಿದರೂ ಸಿಕ್ಕಿತೋ, ಅವಳಿಗೆ ಇವತ್ತಿಗೂ ತಿಳಿಯದು.

ಈಗ ಅಲ್ಲಿನ ಪಟ್ಟಿ ಅವಳೇ ಬರೆಯುತ್ತಾಳೆ. ಬಿಳಿ ವೈನುಗಳ ಸಾಲಿನಲ್ಲಿ ಮೊದಲ ಹೆಸರು ಮಾತೆಲಿಕಾದ್ದು. ೨೦೨೩ರಲ್ಲಿ ಆ ಸೀಮೆಯ ಬಳ್ಳಿಗಳಿಗೆ ಬೂಷ್ಟು ರೋಗ ಬಡಿದು ಬೆಳೆ ನೆಲಕಚ್ಚಿತ್ತು. ಅವಳಿಗೆ ಆ ವರ್ಷದ್ದು ಸಿಕ್ಕಿದ್ದು ಆರೇ ಬಾಟಲಿ. ಕೊನೆಯದು ಮುಗಿದ ದಿನ ಪಟ್ಟಿಯ ಎಲ್ಲ ಪ್ರತಿಗಳಲ್ಲೂ ಆ ಸಾಲಿನ ಮೇಲೆ ಸ್ಕೇಲಿಟ್ಟು ಶಾಯಿಯಲ್ಲಿ ಗೆರೆ ಎಳೆದಳು. ಹೊಡೆದುಹಾಕಿದ ಸಾಲು ನೋಡಲು ಚೆಂದವಿಲ್ಲ, ಹೊಸದಾಗಿ ಅಚ್ಚು ಹಾಕಿಸೋಣ ಎಂದ ಹೊಸ ಮ್ಯಾನೇಜರಿಗೆ ಅವಳು, ಇರಲಿ, ಮುಗಿದದ್ದು ಮುಗಿದದ್ದೇ ಎಂದು ಕಾಣಲಿ ಎಂದಳು. ಆಮೇಲೆ ಮಧ್ಯಾಹ್ನದ ಮೊದಲ ಮೇಜಿನತ್ತ ನಡೆದಳು.