ಬಡಕಲು ಕುದುರೆಗೆ ಸುರಿದ ಕಾಳು

ಸವಾರಿ ಶಾಲೆಯ ಲಾಯದಲ್ಲಿ ಮೇವಿನ ಕೋಣೆ ಅವಳ ಪಾಲಿಗಿತ್ತು. ಎಲ್ಲರ ಬಾಯಲ್ಲೂ ಅವಳು ಹುಲ್ಲಕ್ಕ. ಒಣಹುಲ್ಲಿನ ಪೆಂಡಿಯೊಳಗೆ ಮೊಣಕೈವರೆಗೆ ತೋಳು ತೂರಿಸುವಳು. ಒಳಗೆ ಬಿಸಿ ತಾಗಿದರೆ, ಮುಗ್ಗಲು ವಾಸನೆ ಬಂದರೆ, ಇಡೀ ಪೆಂಡಿ ತಿಪ್ಪೆಗೆ. ಹುಲ್ಲುಗಾವಲಿಗೆ ನಡುವೆ ಬೇಲಿ ಹಾಕಿಸಿ, ಒಂದು ಪಾಲು ಮೇಯಿಸುವಾಗ ಇನ್ನೊಂದನ್ನು ಚಿಗುರಲು ಬಿಡುತ್ತಿದ್ದಳು. ಗಂಡನಿಗೂ ತಕ್ಕಡಿ ಹಿಡಿದೇ ಬಡಿಸುತ್ತಾಳೆ ಎಂದು ಲಾಯದವರು ನಗುತ್ತಿದ್ದರು. ಅಲ್ಲೇ ಲಾಳ ಕಟ್ಟುತ್ತಿದ್ದ ಗಂಡನೂ ಜತೆಗೆ ನಗುತ್ತಿದ್ದ.

ಚಳಿಗಾಲದ ಕೊನೆಗೆ ಒಂದು ಹೆಣ್ಣು ಕುದುರೆಯನ್ನು ತಂದು ಬಿಟ್ಟರು. ಒಡೆಯ ಬೀಗ ಜಡಿದು ಹೋಗಿದ್ದ ಹಿತ್ತಲಲ್ಲಿ ಅದು ಬೇಲಿಯ ಮರವನ್ನೇ ಕಚ್ಚುತ್ತ ನಿಂತಿತ್ತಂತೆ. ಮೈಯೆಲ್ಲ ಎಲುಬು. ಹುಲ್ಲಕ್ಕ ಅದಕ್ಕೆ ನೀರಿಟ್ಟು, ಒಂದು ಹಿಡಿ ಒಣಹುಲ್ಲು ಹಾಕಿದಳು. ಬಹಳ ಹೊತ್ತು ಬಿಟ್ಟು ಇನ್ನೊಂದು ಹಿಡಿ. ಕುದುರೆ ಖಾಲಿ ಗೋದಲಿಯನ್ನು ನೆಕ್ಕುತ್ತಲೇ ಇತ್ತು.

ಗಂಡನಿಂದ ನೋಡಲಾಗಲಿಲ್ಲ. ಹೊಟ್ಟೆಗೆ ತಣ್ಣೀರುಬಟ್ಟೆ ಹಾಕಿಕೊಂಡೇ ಬೆಳೆದವನು ಅವನು.

"ಇಷ್ಟು ಹಸಿದಿರೋದರ ಮುಂದೆ ಹಿಡಿ ಹುಲ್ಲು ಹಾಕೋಕೆ ನಿನಗೆ ಮನಸ್ಸಾದರೂ ಹೇಗೆ ಬರುತ್ತೆ?" ಎಂದ.

"ಅದರ ಕರುಳು ಸೋತು ಹೋಗಿದೆ. ಈಗ ಹೊಟ್ಟೆ ತುಂಬ ಕೊಟ್ಟರೆ ಕೊಂದ ಹಾಗೇ," ಎಂದಳು ಅವಳು.

ಮರುದಿನ ಅವಳು ಹುಲ್ಲುಗಾವಲಿನಲ್ಲಿ ವಿಷದ ಗಿಡ ಕೀಳುತ್ತಿದ್ದಾಗ ಅವನು ಬಂದ. ಮುಖ ಅರಳಿತ್ತು. ಬಕೆಟ್ ತುಂಬ ನೆನೆಸಿದ ಕಾಳು ಸುರಿದೆ, ಒಂದೂ ಉಳಿಸದೆ ತಿಂತು ಅಂದ. ಅವಳು ಕಿತ್ತ ಗಿಡಗಳನ್ನು ಅಲ್ಲೇ ಬಿಟ್ಟು ಓಡಿದಳು.

ಸಂಜೆಯ ಹೊತ್ತಿಗೆ ಕುದುರೆಯ ಹೊಟ್ಟೆ ಕಲ್ಲಾಯಿತು. ಬೆವರಿ, ನೆಲಕ್ಕೆ ಬಿದ್ದು ಹೊರಳಾಡಿತು. ಪಶುವೈದ್ಯರು ಮೂಗಿನಿಂದ ನಳಿಕೆ ಇಳಿಸಿ ನೋಡಿದರು, ಸೂಜಿ ಚುಚ್ಚಿದರು. ಯಾವುದೂ ಫಲಿಸಲಿಲ್ಲ. ಅದರ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದವನು ಗಂಡನೇ. ಜೀವ ಹೋದದ್ದೂ ಅಲ್ಲೇ.

ಗುಂಡಿಯನ್ನೂ ಅವನೇ ತೋಡಿದ. ಮಣ್ಣು ಮುಚ್ಚಿದ ಮೇಲೆ, "ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು," ಎಂದ.

"ಬೈದರೆ ಎದ್ದು ನಿಲ್ತಿತ್ತಾ?"

ಅದು ಸಮಾಧಾನವೋ ಚುಚ್ಚುಮಾತೋ ಅವಳಿಗೇ ತಿಳಿಯಲಿಲ್ಲ. ಆ ವಾರವೇ ಅವನು ಲಾಯದ ಕೆಲಸ ಬಿಟ್ಟು, ಊರಾಚೆಯ ಕಮ್ಮಾರನ ಕುಲುಮೆಯಲ್ಲಿ ಬಾಗಿಲಿನ ಚಿಲಕ ಬಡಿಯಲು ಸೇರಿದ. ಒಂದೇ ಸೂರಿನಡಿ ಇದ್ದರು. ಮಾತು ಮಾತ್ರ ಅಗತ್ಯವಿದ್ದಷ್ಟಕ್ಕೇ ನಿಂತಿತು. ಕುದುರೆಗಳ ಸುದ್ದಿಯನ್ನು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.