ಏಳನೆಯ ಕಟ್ಟೆ

ಹಣಮಂತ ಕಲ್ಲು ಕೂರಿಸುವವನು. ಇಪ್ಪತ್ತೇಳು ವರ್ಷದಿಂದ ಮುಂಬಯಿಯ ಮನೆಗಳಲ್ಲಿ ಅಡುಗೆ ಕಟ್ಟೆ ಕಟ್ಟುವುದೇ ಅವನ ಕೆಲಸ. ಕುರ್ಲಾದ ಚಾಳುಗಳಿಂದ ಹಿಡಿದು ವಿಲೆ ಪಾರ್ಲೆಯ ದೊಡ್ಡ ಫ್ಲ್ಯಾಟುಗಳವರೆಗೆ ಐನೂರು ಕಟ್ಟೆ ಕಟ್ಟಿದ್ದೇನೆ ಅನ್ನುತ್ತಾನೆ. ಎಣಿಸಿದವರು ಯಾರು? ಮುನ್ನೂರಂತೂ ಹೌದು ಅಂತಿಟ್ಟುಕೊಳ್ಳಿ. ಆದರೆ ಅವನ ಒಂದು ಹೆಮ್ಮೆಯನ್ನು ಮಾತ್ರ ಯಾರೂ ಅಲ್ಲಗಳೆಯುವಂತಿರಲಿಲ್ಲ. ಮನೆಯ ಹೆಂಗಸಿನ ಮೊಣಕೈ ಅಳೆಯದೆ ಅವನು ಎಂದೂ ಕಟ್ಟೆ ಏರಿಸಿದವನಲ್ಲ. ಕಾಂಟ್ರಾಕ್ಟರು ಮೂವತ್ಮೂರು ಇಂಚು ಎಂದು ಚೀಟಿ ಕೊಟ್ಟರೆ ಅದನ್ನು ಜೇಬಿಗಿಳಿಸಿ, "ಭಾಭೀಜಿ, ಜರಾ ಇಧರ್ ಖಡೇ ರಹಿಯೇ" ಎಂದು ಕರೆಯುತ್ತಿದ್ದ. ಆಕೆ ಚಪ್ಪಲಿ ಬಿಟ್ಟು ನೆಟ್ಟಗೆ ನಿಂತು ಮೊಣಕೈ ಮಡಚಬೇಕು. ನೆಲದಿಂದ ಮೊಣಕೈವರೆಗೆ ಟೇಪು, ಅಲ್ಲಿಂದ ಆರು ಬೆರಳು ಕೆಳಗೆ ಪೆನ್ಸಿಲ್ ಗೆರೆ. ತಗ್ಗಾದರೆ ಸೊಂಟ ಹೋಯಿತು, ಎತ್ತರವಾದರೆ ಭುಜ ಹೋಯಿತು.

"ಕಟ್ಟಿ ಅಂದ್ರ ಅಂಗಿ ಇದ್ದಂಗ. ಮೈ ಅಳತಿ ಇಲ್ದ ಹೊಲಿಯಾಕ ಬರ್ತೈತೇನು?" ಎನ್ನುತ್ತಿದ್ದ.

ಇಂಥವನ ಸ್ವಂತ ಅಡುಗೆಮನೆಯನ್ನು ನೋಡಿದರೆ ನಗು ಬರಬೇಕು. ವಿಕ್ರೋಳಿಯಲ್ಲಿ ಅವನ ಝೋಪಡಿ ಇದ್ದ ಜಾಗದಲ್ಲಿ ಬಿಲ್ಡಿಂಗ್ ಎದ್ದು, ಒಂಬತ್ತನೆಯ ಮಾಳಿಗೆಯಲ್ಲಿ ಒಂದು ರೂಮು, ಅಡುಗೆಮನೆ ಸಿಕ್ಕು ನಾಲ್ಕು ವರ್ಷವಾಗಿತ್ತು. ಬಿಲ್ಡರು ಇನ್ನೂರು ಮನೆಗೂ ಒಂದೇ ಅಳತೆಯಲ್ಲಿ ಕೂರಿಸಿ ಹೋದ ಕಡಪಾ ಕಲ್ಲು ಅಲ್ಲಿತ್ತು. ಸಿಂಕಿನ ಬಳಿ ಬಿರುಕು, ಕೆಳಗೆ ಸದಾ ತೇವ. ಗಿಡ್ಡ ಮೈಕಟ್ಟಿನ ಹೆಂಡತಿ ಕಸ್ತೂರಿಬಾಯಿಗೆ ಆ ಕಟ್ಟೆ ಎರಡು ಇಂಚು ಎತ್ತರವೇ ಆಗುತ್ತಿತ್ತು. ರೊಟ್ಟಿ ಬಡಿದಾದ ಮೇಲೆ ಅವಳು ಬಲಭುಜ ಹಿಡಿದುಕೊಂಡು ನಿಲ್ಲುವುದನ್ನು ಅವನು ನೋಡಿದ್ದ. ನೋಡಿದಾಗಲೆಲ್ಲ ಮನಸ್ಸಿಗೆ ಚುಚ್ಚುತ್ತಿತ್ತು.

ಆ ವರ್ಷ ದೀಪಾವಳಿ ಮುಗಿದದ್ದೇ ತೀರ್ಮಾನಿಸಿಬಿಟ್ಟ. ಕಸ್ತೂರಿಗೆ ಅವಳದೇ ಅಳತೆಯ ಅಡುಗೆಮನೆ ಕಟ್ಟಿಕೊಡಬೇಕು. ಗಂಡಹೆಂಡತಿ ತಿಂಗಳು ತಿಂಗಳು ಭಿಶಿ ಚೀಟಿ ಕಟ್ಟಿ ಕೂಡಿಸಿದ್ದು ಒಂದು ಲಕ್ಷ ಇಪ್ಪತ್ತು ಸಾವಿರ. ಒಂದು ಭಾನುವಾರ ಅವನೂ ಮಗಳು ಶೀತಲಳೂ ಲೆಕ್ಕಕ್ಕೆ ಕೂತರು. ಶೀತಲ್ ಘಾಟ್ಕೋಪರಿನ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಅವಳ ಪಟ್ಟಿ ಮೊಬೈಲಿನಲ್ಲಿ, ಅಪ್ಪನ ಪಟ್ಟಿ ಪ್ಲೈವುಡ್ ತುಂಡಿನ ಮೇಲೆ. ಗ್ರಾನೈಟಿಗೆ ಹತ್ತೊಂಬತ್ತು ಸಾವಿರ, ಟೈಲ್ಸಿಗೆ ಹದಿನಾಲ್ಕು, ಸಿಂಕು ನಳಗಳಿಗೆ ಹನ್ನೊಂದು. ಕಟ್ಟೆಯ ಕೆಳಗೆ ಪಾತ್ರೆ ಇಡುವ ಸ್ಟೀಲ್ ಟ್ರಾಲಿಗಳಿಗೆ ನಲವತ್ತೆಂಟು, ಚಿಮಣಿಗೆ ಹದಿನಾರು, ಸಿಮೆಂಟು ವೈರಿಂಗು ಎಲ್ಲ ಸೇರಿ ಮೂವತ್ತು. ಕೂಲಿ ಸೊನ್ನೆ, ಅದನ್ನು ಬರೆಯುವಾಗ ಹಣಮಂತ ಮೀಸೆಯಲ್ಲೇ ನಕ್ಕ.

"ಪಪ್ಪಾ, ಅಠ್ರಾ ಹಜಾರ್ ಜಾಸ್ತಿ ಆಗ್ತೈತಿ. ಚಿಮ್ನಿ ಕ್ಯಾನ್ಸಲ್ ಕರೋ ನಾ," ಎಂದಳು ಶೀತಲ್. ಹದಿನೆಂಟು ಸಾವಿರ ಇಳಿಸಬೇಕಿತ್ತು.

ಚಿಮಣಿ ಹೋಗಿ ಅಲ್ಲಿ ಎರಡು ಸಾವಿರದ ಫ್ಯಾನ್ ಬಂತು. ಟ್ರಾಲಿ ಒಂದು ಕಡಿಮೆಯಾಯಿತು. "ಗ್ರಾನೈಟಿಗೆ ಮಾತ್ರ ಕೈ ಹಚ್ಚಬ್ಯಾಡ. ನಿಮ್ಮವ್ವನ ಕಟ್ಟಿಗಿ ನಡುವ ಎಲ್ಲೂ ಜೋಡಿಲ್ಲದ ಒಂದೇ ಅಖಂಡ ಕಲ್ಲು ಬೇಕು," ಎಂದ ಹಣಮಂತ. ಕಸ್ತೂರಿಬಾಯಿ ಗೋಡೆಗೊರಗಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಾ ಎಲ್ಲದಕ್ಕೂ ಹ್ಞೂಂ ಅನ್ನುತ್ತಿದ್ದಳು. ಪುಣ್ಯಾತ್ಮ ಆ ಹ್ಞೂಂ ಅನ್ನು ಒಪ್ಪಿಗೆ ಎಂದೇ ತಿಳಿದ.

ಪಟ್ಟಿ ಮುಗಿಸಿ ಟೇಪು ತೆಗೆದ. "ಕಸ್ತೂರಿ, ಬಾ ಇಲ್ಲಿ. ನೆಟ್ಟಗ ನಿಂತು ಮೊಣಕೈ ಮಡಚು." ಊರ ಹೆಂಗಸರಿಗೆಲ್ಲ ಹೇಳಿದ ಮಾತನ್ನು ಹೆಂಡತಿಗೆ ಹೇಳುತ್ತಾ ಟೇಪನ್ನು ಅಂಗಿಯ ತುದಿಗೆ ಒರೆಸಿಕೊಂಡ. ಇಷ್ಟು ವರ್ಷ ಈ ಗಳಿಗೆಗೇ ಕಾದಿದ್ದನಲ್ಲ!

ಅವಳು ಏಳಲಿಲ್ಲ. "ನನ್ನ ಅಳತಿ ಬ್ಯಾಡ್ರಿ," ಎಂದಳು.

"ಬ್ಯಾಡಂದ್ರ? ಕಟ್ಟಿ ಹೆಂಗ ಕಟ್ಲಿ?"

"ಮುಂಜಾನೆ ನಾಕು ಮನಿ, ಸಂಜಿಕ ಎರಡು ಮನಿ. ಆರು ಮಂದಿ ಕಟ್ಟಿ ಮುಂದ ನಿಂತು ಅಡಗಿ ಮಾಡಿ ಬರ್ತೀನಿ. ಅದರಾಗ ಎರಡು ನೀವೇ ಕಟ್ಟಿದ್ದು. ಈಗ ಏಳನೇದ್ದು ಕಟ್ಟಿ, ಬಾ, ಇದರ ಮುಂದನೂ ನಿಂದರು ಅಂತೀರಿ."

"ಅಯ್ಯ, ನಿನ್ನ ಭುಜಕ್ಕ ಆರಾಮ ಆಗ್ಲಿ ಅಂತ ಮಾಡಾಕತ್ತೀನಿ."

"ಆರಾಮ ಆಗ್ತೈತಿ, ಇಲ್ಲ ಅನ್ನಂಗಿಲ್ಲ. ನಿಂದರೋದು ತಪ್ತೈತೇನು?"

ಹಣಮಂತನಿಗೆ ಮುಖಕ್ಕೆ ಹೊಡೆದಂತಾಯಿತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಮುಚ್ಚಿಕೊಳ್ಳಬೇಕಲ್ಲ! ಟೇಪನ್ನು ಮಗಳ ಕಡೆ ತಿರುಗಿಸಿ, "ಬಿಡು ಹಂಗಾದ್ರ, ಶೀತಲ್ ಅಳತಿ ಹಿಡಿಯೋಣ," ಎಂದ.

ಕಸ್ತೂರಿಬಾಯಿ ಸೊಪ್ಪಿನ ಬುಟ್ಟಿಯನ್ನು ಕುಕ್ಕಿದ ರಭಸಕ್ಕೆ ಅರ್ಧ ಸೊಪ್ಪು ನೆಲದ ಮೇಲಾಯಿತು. "ಆಕಿ ಕಡೆ ಆ ಟೇಪ್ ತಿರುಗಿಸಿದ್ರ ನೋಡ್ರಿ ಮತ್ತ! ಹನ್ನೊಂದು ವರ್ಷದಾಕಿ ಇದ್ದಾಗ ನಮ್ಮವ್ವ ನನ್ನ ಒಲಿ ಮುಂದ ಕೂಡ್ಸಿದ್ಲು. ಇನ್ನಾ ಎದ್ದಿಲ್ಲ ನಾ." ಇಷ್ಟು ಹೇಳಿ ಚೆಲ್ಲಿದ ಸೊಪ್ಪನ್ನು ಅವಳೇ ಆರಿಸತೊಡಗಿದಳು. ಅವಳ ಕಣ್ಣು ತುಂಬಿತ್ತು.

ನಾಲ್ಕು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಹಣಮಂತನಿಗೆ ಮೊದಮೊದಲು ಸಿಟ್ಟೇ ಬಂದಿತ್ತು. ಮೈಮುರಿದು ದುಡಿದ ಹಣವನ್ನೆಲ್ಲ ಇವಳಿಗೆಂದು ಸುರಿಯುತ್ತಿದ್ದರೆ ಇವಳು ಹೀಗನ್ನುವುದೇ? ಆದರೆ ಆ ನಾಲ್ಕು ದಿನ ಅವನ ಕಣ್ಣಿಗೆ ಬೇರೆಯದೂ ಬೀಳತೊಡಗಿತು. ರೆಡಿಮೇಡ್ ಅಡುಗೆಮನೆಗಳು ಬಂದ ಮೇಲೆ ಅವನಿಗೆ ಕೆಲಸ ಕಡಿಮೆಯಾಗಿತ್ತು. ವಾರದಲ್ಲಿ ಮೂರು ದಿನ ನಾಲ್ಕು ಗಂಟೆಗೇ ಮನೆ ಸೇರುತ್ತಿದ್ದ. ಸೇರಿ ಏನು ಮಾಡುತ್ತಿದ್ದ? ಟಿವಿ ಹಚ್ಚಿ ಕೂರುತ್ತಿದ್ದ. ಕಸ್ತೂರಿ ಪಾರ್ಲೆಯಲ್ಲಿ ಕೊನೆಯ ಮನೆ ಮುಗಿಸಿ, ಲೋಕಲ್ ಹಿಡಿದು, ಮೆಟ್ರೋ ಹತ್ತಿ, ಮತ್ತೆ ಲೋಕಲ್ ಹಿಡಿದು ಎಂಟೂವರೆಗೆ ಬಂದು, ಹೆಗಲ ಚೀಲ ಇಳಿಸುವ ಮೊದಲೇ ಒಲೆಯ ಮೇಲೆ ಪಾತ್ರೆ ಇಡುತ್ತಿದ್ದಳು. ಇದು ಇಂದುನಿನ್ನೆಯದಲ್ಲ. ಅವಳ ಭುಜ ಕಂಡಿತ್ತು ಅವನಿಗೆ, ಇದು ಕಂಡಿರಲಿಲ್ಲ. ಕೆಟ್ಟವನಲ್ಲ ಪಾಪ, ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ, ಅವನೂ ಕೇಳಿರಲಿಲ್ಲ.

ಗುರುವಾರ ಪಾರ್ಲೆಯಲ್ಲೇ ಒಂದು ಕೆಲಸವಿತ್ತು. ಎಂದಿನಂತೆ ಮನೆಯಾಕೆಯನ್ನು ನಿಲ್ಲಿಸಿ ಟೇಪು ಹಿಡಿದ. ಆಕೆಯ ಗಂಡ ಬಾಗಿಲಿಗೊರಗಿ ಮೊಬೈಲು ಒತ್ತುತ್ತಿದ್ದ. ಹಣಮಂತನಿಗೆ ಏನನ್ನಿಸಿತೋ, "ಸಾಬ್, ಆಪ್ ಭೀ ಖಾನಾ ಬನಾತೇ ಹೈ ಕ್ಯಾ?" ಎಂದು ಕೇಳಿಯೇ ಬಿಟ್ಟ, ಅಡುಗೆ ನೀವೂ ಮಾಡುತ್ತೀರಾ ಎಂದು. "ಅರೇ, ಚಾಯ್ ಭೀ ನಹೀ!" ಎಂದು ಆತ, ಚಹಾ ಕೂಡ ಮಾಡಲು ಬಾರದಿರುವುದೇ ದೊಡ್ಡಸ್ತಿಕೆ ಎಂಬಂತೆ, ದೊಡ್ಡದಾಗಿ ನಕ್ಕ. ಹೆಂಗಸು ಮೊಣಕೈ ಮಡಚಿಕೊಂಡೇ ನಿಂತಿದ್ದಳು. ಆ ನಗು ಕೇಳಿ ಹಣಮಂತನಿಗೆ ನಾಚಿಕೆಯಾಯಿತು, ಅದೂ ಆತನ ಬಗ್ಗೆ ಅಲ್ಲ. ಇಪ್ಪತ್ತೇಳು ವರ್ಷ ಅಳೆದದ್ದೆಲ್ಲ ಹೆಂಗಸರನ್ನೇ, ಒಂದು ಮನೆಯಲ್ಲೂ ಗಂಡಸಿಗೆ ಬಾ ಎಂದಿರಲಿಲ್ಲ.

ಶನಿವಾರದೊಳಗೆ ಕುರ್ಲಾದ ಕಲ್ಲಿನ ಅಂಗಡಿಗೆ ಎತ್ತರ ಹೇಳಬೇಕಿತ್ತು. ಕಟ್ಟೆಯ ಕೆಳಗೆ ನಿಲ್ಲಿಸುವ ಕಲ್ಲುಗಳನ್ನು ಕತ್ತರಿಸುವುದು ಆ ಅಳತೆಯ ಮೇಲೆ. ಶುಕ್ರವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಹಣಮಂತ ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಹಚ್ಚಿ ನಿಂತು ತನ್ನ ಮೊಣಕೈ ಮಡಚಿದ. ಟೇಪು ಓದಲು ಬಗ್ಗಿದರೆ ಮೊಣಕೈ ಜಾರುತ್ತಿತ್ತು. ಮೂರು ಸಲ ಒದ್ದಾಡಿ, ಮೊಣಕೈಗೆ ಆರು ಬೆರಳು ಕೆಳಗೆ ಗೋಡೆಯ ಮೇಲೆ ಗೆರೆ ಎಳೆದು ನೋಡಿದ. ಮೂವತ್ತಾರು ಬಂತು.

ಮೂವತ್ತಾರು ಎಂದದ್ದೇ ಫೋನಿನಲ್ಲಿ ಅಂಗಡಿಯವ ಹೌಹಾರಿದ, ಹೆಂಡತಿ ಅಷ್ಟು ಎತ್ತರವೇ ಎಂದು. "ಛತ್ತೀಸ್? ಭಾಭೀ ಇತನೀ ಲಂಬೀ ಹೈ ಕ್ಯಾ?"

"ಭಾಭೀ ಕೇ ಲಿಯೇ ನಹೀ, ಮೇರೇ ಲಿಯೇ," ಎಂದ ಹಣಮಂತ. ಕಟ್ಟೆ ಅವಳಿಗಲ್ಲ, ತನಗೆ ಎಂದು ಹೇಳಿದ್ದು ತುಸು ಜೋರಾಗಿಯೇ ಆಯಿತು.

ಹನ್ನೆರಡು ದಿನಕ್ಕೆ ಕಟ್ಟೆ ಎದ್ದಿತು. ಕಪ್ಪು ಗ್ರಾನೈಟ್, ಜೋಡಿಲ್ಲದ್ದು, ಅಂಚು ಉಜ್ಜಿ ನುಣುಪು ಮಾಡಿದ್ದು. ಕೆಲಸದಿಂದ ಬಂದ ಕಸ್ತೂರಿಬಾಯಿ ಅದರ ಮುಂದೆ ನಿಂತಳು. ಕಲ್ಲು ಅವಳ ಮೊಣಕೈ ಸಮಕ್ಕೇ ಬಂದಿತ್ತು. ಅಳತೆ ತಪ್ಪುವವನಲ್ಲ ತನ್ನ ಗಂಡ ಎಂಬುದು ಅವಳಿಗೆ ಗೊತ್ತು. ಬಹಳ ಹೊತ್ತು ಕಲ್ಲಿನ ಮೇಲೆ ಕೈಯಾಡಿಸಿದಳು.

"ಇದರ ಮ್ಯಾಲೆ ನನಗ ರೊಟ್ಟಿ ಬಡಿಯಾಕ ಆಗೂದಿಲ್ಲ," ಎಂದಳು.

"ಗೊತ್ತೈತಿ. ಸಂಜೀ ಅಡಗಿ ನಂದು."

"ಎರಡು ದಿನ ಮಾಡ್ತೀರಿ. ಮೂರನೇ ದಿನ, ಕಸ್ತೂರಿ ನೀನೇ ಮಾಡು ಅಂತೀರಿ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ನಂಬಿ ಮೋಸ ಹೋದೇನೆಂಬ ಭಯ ಮಾತ್ರ ಇತ್ತು, ಅದು ಹಣಮಂತನಿಗೆ ಸಿಟ್ಟಿಗಿಂತ ಹೆಚ್ಚು ನಾಟಿತು.

ಮೊದಲ ದಿನ ಖಿಚಡಿ ತಳ ಹಿಡಿಯಿತು. ಶೀತಲ್ ಮೂಗು ಮುಚ್ಚಿಕೊಂಡು ತಿಂದಳು, ಕಸ್ತೂರಿಬಾಯಿ ಕರಿದಾದದ್ದನ್ನು ತಟ್ಟೆಯ ಬದಿಗೆ ಸರಿಸಿ ಉಂಡಳು. ಎರಡನೆಯ ದಿನ ಮೊಟ್ಟೆ, ಅಂಗಡಿಯ ಪಾವ್ ಬ್ರೆಡ್ಡು. ಅದೇನು ಅಡುಗೆಯೇ, ಬಿಡಿ. ಮೂರನೆಯ ದಿನ ಸಂಜೆ ಏಳೂಮುಕ್ಕಾಲಿಗೆ ಹಣಮಂತ ಹೊಸ ಕಟ್ಟೆಯ ಮುಂದೆ ಕುಕ್ಕರ್ ಇಟ್ಟುಕೊಂಡು ಬೆವರುತ್ತಿದ್ದ. ಕೊನೆಗೆ ಹೆಂಡತಿಗೆ ಫೋನು ಹಚ್ಚಿದ. ಆ ಕಡೆ ಲೋಕಲಿನ ಗದ್ದಲ, ಹೆಂಗಸರ ಮಾತು.

"ಹೇಳ್ರಿ," ಎಂದಳು. ಎಷ್ಟು ದಣಿದ ದನಿ ಅದು! ಏನು ಬರಲಿದೆ ಎಂದು ತನಗೆ ಮೊದಲೇ ಗೊತ್ತಿತ್ತು ಎನ್ನುವ ದನಿ.

"ಕಸ್ತೂರಿ, ತೊಗರಿ ಬ್ಯಾಳಿಗೆ ನೀರು ಎಷ್ಟು ಹಾಕ್ಬೇಕು?"

ಫೋನು ಕಟ್ಟಾಯಿತೇನೋ ಅಂದುಕೊಂಡ. "ಹಲೋ? ಕೇಳಸ್ತೇನು?"

"ಬ್ಯಾಳಿ ಮ್ಯಾಲೆ ಬೆರಳಿನ ಎರಡು ಗೆರಿ ಬರೂವಷ್ಟು," ಎಂದಳು.

"ಯಾರ ಬೆರಳು? ನಿಂದೋ, ನಂದೋ?"

ಕಸ್ತೂರಿಬಾಯಿ ಅಷ್ಟು ಜನರ ನಡುವೆ ನಕ್ಕುಬಿಟ್ಟಳು. "ನಿಮ್ಮದೇ ರೀ. ಮೂರು ಸೀಟಿ ಆಗ್ಲಿ. ನಾ ಬಂದು ಕೈಕಾಲು ತೊಳದು ಸೀದಾ ಉಣ್ಣಾಕ ಕೂಡ್ತೀನಿ."